‘ಕಾಲಕಾಲಕ್ಕೆ’ ಎಂಬ ಮಾತು: ಶಾಸನಕಾರ ಆಸ್ಕರ್ ಫರ್ನಾಂಡಿಸ್

ಕವಿಯನ್ನು ಅವನ ಕವಿತೆಯಿಂದ ಅಳೆಯುತ್ತೇವೆ. ಕಾದಂಬರಿಕಾರನನ್ನು ಅವನ ಕಾದಂಬರಿಯಿಂದ. ಭಾಗವತನನ್ನು ಅವನ ಪದದಿಂದ, ಅರ್ಥಧಾರಿಯನ್ನು ಅವನ ಮಾತಿನಿಂದ. ಶಾಸನ ಮಾಡಲೆಂದು ನಾವೇ ಆರಿಸಿ ಕಳುಹಿಸಿದವನನ್ನು ಮಾತ್ರ ಅವನ ಶಾಸನದಿಂದ ಅಳೆಯುವ ರೂಢಿ ನಮ್ಮಲ್ಲಿ ಬೆಳೆದು ಬಂದಿಲ್ಲ. ಎಷ್ಟು ಸಲ ಗೆದ್ದರು, ಯಾವ ಖಾತೆ ಸಿಕ್ಕಿತು, ಊರಿಗೆ ಏನು ತಂದರು, ಮದುವೆ ಮುಂಜಿಗೆ ಬಂದರೇ, ಬಂದವರು ಊಟಕ್ಕೆ ನಿಂತರೇ – ಇವೇ ನಮ್ಮ ಅಳತೆಗೋಲುಗಳು. ಕಾಯಿದೆಯನ್ನು ಓದುವವರು ವಕೀಲರು. ಅವರಾದರೂ ಕಕ್ಷಿಗಾರ ಬಾಗಿಲಿಗೆ ಬಂದ ಮೇಲೆ. ಆದರೆ ಕಾಯಿದೆಯೂ ವಾಕ್ಯಗಳಿಂದಲೇ ಆದದ್ದು. ಅದಕ್ಕೂ ಕರ್ತೃಪದವುಂಟು, ಕ್ರಿಯಾಪದವುಂಟು. ಕ್ರಿಯಾಪದದ ಕೊನೆ ಒಂದಿಷ್ಟು ಬದಲಾದರೆ ಕವಿತೆಯಲ್ಲಿ ಛಂದಸ್ಸು ಕೆಟ್ಟೀತು. ಕಾಯಿದೆಯಲ್ಲಿ ಯಾರದೋ ಮನೆಯ ಮುದಿವಯಸ್ಸು ಕೆಡುತ್ತದೆ. ಆದುದರಿಂದ ಈ ವಾರ ಕವನಸಂಗ್ರಹಗಳನ್ನು ಪಕ್ಕಕ್ಕಿಟ್ಟು ಒಂದು ಕಾಯಿದೆಯನ್ನು ಎತ್ತಿಕೊಂಡಿದ್ದೇನೆ. ವಾಚಕರು ಸೈರಿಸಿಕೊಳ್ಳಬೇಕು.

ಇದಕ್ಕೆ ಕಾರಣವಾದದ್ದು ಪುಂಜಾಲಕಟ್ಟೆ. ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ, ಮಡಂತ್ಯಾರಿಗಿಂತ ಮೊದಲು ಸಿಗುವ ಈ ಪೇಟೆ ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳ ಗಡಿಯಲ್ಲಿದೆ. ರಸ್ತೆಯಿಂದ ಒಳಗೆ ಇಳಿದರೆ ಅಡಿಕೆ ತೋಟ, ಗುಡ್ಡ, ಗುಡ್ಡದ ಬದಿಯಲ್ಲಿ ಮನೆ. ಮನೆಯ ಜಗಲಿಯಲ್ಲಿ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳ ಶಾಲೆಯ ಫೀಸು ಆ ಗೆರಸೆಯಿಂದಲೇ ಹುಟ್ಟಿದ್ದು. ಅಂಥ ಒಂದು ಮನೆಯಲ್ಲಿ ನಾನು ಮಳೆಗೆ ಸಿಕ್ಕಿ ಅರ್ಧ ಗಂಟೆ ಕುಳಿತಿದ್ದೆ. ಅತ್ತೆ, ಸೊಸೆ ಇಬ್ಬರಿದ್ದರು. ಅತ್ತೆಗೆ ತನ್ನ ಹೆಸರಿನ ಬೀಡಿ ಪುಸ್ತಕವಿದ್ದಿತು. ಕಟ್ಟುವುದನ್ನು ಬಿಟ್ಟಾಗ ಪಿ.ಎಫ್. ಹಣ ಬಂದು ಅದರಲ್ಲಿ ಮಾಡು ರಿಪೇರಿ ಮಾಡಿಸಿದರಂತೆ; ತಿಂಗಳಿಗೊಂದು ಸಣ್ಣ ಪಿಂಚಣಿಯೂ ಬರುತ್ತದಂತೆ. ಸೊಸೆಗೆ ಪುಸ್ತಕವಿಲ್ಲ. ಅವಳು ನೆರೆಮನೆಯವರ ಪುಸ್ತಕಕ್ಕೆ ಒಂದಿಷ್ಟು ಕಟ್ಟಿಕೊಡುತ್ತಾಳೆ, ಅಡಿಕೆ ಸುಲಿಯುವ ಕಾಲದಲ್ಲಿ ಸುಲಿಯಲು ಹೋಗುತ್ತಾಳೆ. ನಾನು ಓದಿದವನೆಂದು ತಿಳಿದು ಒಳಗಿನಿಂದ ಒಂದು ಕಾರ್ಡು ತಂದು ತೋರಿಸಿದಳು. ‘ಇ-ಶ್ರಮ್’ ಕಾರ್ಡು. ಹನ್ನೆರಡು ಅಂಕಿಗಳ ನಂಬರು, ಪಕ್ಕದಲ್ಲಿ ಅವಳ ಫೋಟೊ.

“ಇದರಲ್ಲಿ ಏನು ಸಿಗುತ್ತದೆ ಮಾಸ್ಟ್ರೇ?”

“ಸದ್ಯಕ್ಕೆ ನಂಬರು ಸಿಕ್ಕಿದೆಯಲ್ಲಮ್ಮ” ಎಂದೆ. ಅವಳು ನಕ್ಕಳು; ಅತ್ತೆ ನಗಲಿಲ್ಲ.

ನನ್ನ ಉತ್ತರ ನನಗೇ ಹಿಡಿಸಲಿಲ್ಲ. ಒಂದೇ ಜಗಲಿ, ಒಂದೇ ಗೆರಸೆ. ಒಬ್ಬಳಿಗೆ ಕಾಯಿದೆಯಿಂದ ಮಾಡಿನ ಹಂಚು ಬಂದಿತು, ಇನ್ನೊಬ್ಬಳಿಗೆ ಕಾಯಿದೆಯಿಂದ ಕಾರ್ಡು ಬಂದಿತು. ಮನೆಗೆ ಬಂದು ಎರಡು ಕಾಯಿದೆಗಳನ್ನೂ ಓದಲು ಕುಳಿತೆ. ಎರಡನೆಯದರ ಮಸೂದೆಯನ್ನು ಪಾರ್ಲಿಮೆಂಟಿನಲ್ಲಿ ಮಂಡಿಸಿದವರು ನಮ್ಮ ಉಡುಪಿಯವರೇ, ಶ್ರೀ ಆಸ್ಕರ್ ಫರ್ನಾಂಡಿಸರು.

ಅವರ ಜೀವನವೃತ್ತವನ್ನು ಇಲ್ಲಿ ವಿಸ್ತರಿಸಬೇಕಾದ್ದಿಲ್ಲ. 1941ರ ಮಾರ್ಚ್ 27ರಂದು ಉಡುಪಿಯಲ್ಲಿ ಜನನ, ಊರಿನ ಪುರಸಭೆಯಿಂದ ಸಾರ್ವಜನಿಕ ಜೀವನದ ಆರಂಭ, 1980ರಲ್ಲಿ ಲೋಕಸಭೆಗೆ. ಅಲ್ಲಿಂದ ಮುಂದೆ 1984, 1989, 1991, 1996 – ಹೀಗೆ ಉಡುಪಿ ಕ್ಷೇತ್ರ ಸಾಲಾಗಿ ಐದು ಸಲ ಅವರನ್ನೇ ಕಳುಹಿಸಿತು. 1998ರಲ್ಲಿ ಸೋತರು, ಅದೇ ವರ್ಷ ರಾಜ್ಯಸಭೆಗೆ ಹೋದರು. 2021ರ ಸೆಪ್ಟೆಂಬರ್ 13ರಂದು ಮಂಗಳೂರಿನಲ್ಲಿ ತೀರಿಕೊಂಡಾಗಲೂ ಅವರು ರಾಜ್ಯಸಭೆಯ ಸದಸ್ಯರೇ. ಎಂದರೆ ನಾಲ್ವತ್ತೊಂದು ವರ್ಷ ದಿಲ್ಲಿಯ ಎರಡು ಸದನಗಳಲ್ಲಿ ಒಂದಲ್ಲ ಒಂದರಲ್ಲಿ ಅವರು ಕುಳಿತಿದ್ದರು. ರಾಜೀವ ಗಾಂಧಿಯವರಿಗೆ ಪಾರ್ಲಿಮೆಂಟರಿ ಕಾರ್ಯದರ್ಶಿಯಾಗಿ, ಪ್ರದೇಶ ಕಾಂಗ್ರೆಸಿನ ಅಧ್ಯಕ್ಷರಾಗಿ, 2006ರಿಂದ 2009ರವರೆಗೆ ಕಾರ್ಮಿಕ ಖಾತೆಯ ಸ್ವತಂತ್ರ ಹೊಣೆ ಹೊತ್ತ ರಾಜ್ಯಮಂತ್ರಿಯಾಗಿ, 2013–14ರಲ್ಲಿ ರಸ್ತೆ ಸಾರಿಗೆ ಮತ್ತು ಹೆದ್ದಾರಿಗಳ ಮಂತ್ರಿಯಾಗಿ ಅವರು ಮಾಡಿದ ಕೆಲಸ ದೀರ್ಘವಾದದ್ದು.

ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿ ಲೇಖನಗಳನ್ನು ನಾನು ಗಮನವಿಟ್ಟು ಓದಿದ್ದೇನೆ. ಬಹುತೇಕ ಒಂದೇ ಶ್ರುತಿ: ಸಜ್ಜನ, ಸರಳ, ಮಿತಭಾಷಿ, ಯಾರನ್ನೂ ನೋಯಿಸದವರು, ಮಧ್ಯರಾತ್ರಿ ದಾಟಿದರೂ ಬಂದವರನ್ನೆಲ್ಲ ಕಂಡು ಮಾತನಾಡಿಸಿ ಕಳುಹಿಸುತ್ತಿದ್ದವರು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲವೆಂದೇ ಅವರನ್ನು ಬಲ್ಲವರು ಹೇಳುವರು. ರಾಜಕೀಯದವರಲ್ಲಿ ಕೇಳುವ ಕಿವಿಯುಳ್ಳವರು ವಿರಳ. ನಾಲ್ವತ್ತು ವರ್ಷ ಕೇಳಿಯೂ ಬೇಸರಿಸದ ಕಿವಿ ಇನ್ನೂ ವಿರಳ. ಆದರೆ ‘ಸಜ್ಜನ’ ಎಂಬುದು ಮನುಷ್ಯನ ವರ್ಣನೆ. ಕವಿಯ ಶೀಲವನ್ನು ಹೊಗಳಿ ಅವನ ಕಾವ್ಯದ ಮಾತೆತ್ತದೆ ಹೋದರೆ ಯಾವ ಸಂಪಾದಕನೂ ಅದನ್ನು ವಿಮರ್ಶೆಯೆಂದು ಅಚ್ಚು ಹಾಕಲಾರ. ಕೇಳಿದ್ದೆಲ್ಲ ಎಲ್ಲಿ ಹೋಯಿತು, ಯಾವ ವಾಕ್ಯವಾಗಿ ಹೊರಬಂದಿತು ಎಂದು ನಾವು ಕೇಳಬೇಡವೇ?

ನಮ್ಮ ಕರಾವಳಿ ದಿಲ್ಲಿಗೆ ಕಳುಹಿಸಿದ ಇತರರ ನೆನಪು ನಮಗೆ ಕಣ್ಣಿಗೆ ಕಾಣುವ ವಸ್ತುಗಳಲ್ಲಿ ಉಳಿದಿದೆ. 1965ರಲ್ಲಿ ತೀರಿಕೊಂಡ ಉಳ್ಳಾಲ ಶ್ರೀನಿವಾಸ ಮಲ್ಯರೆಂದರೆ ಬಂದರು, ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು. ಬಂಟ್ವಾಳದವರೇ ಆದ ಶ್ರೀ ಜನಾರ್ದನ ಪೂಜಾರಿಯವರೆಂದರೆ ಸಾಲಮೇಳ. ಎಮ್ಮೆಗೋ ಹೊಲಿಗೆ ಮೆಶಿನಿಗೋ ಬ್ಯಾಂಕಿನ ಮೆಟ್ಟಿಲನ್ನು ಮೊದಲ ಸಲ ಹತ್ತಿದವರು ಆ ಹೆಸರನ್ನು ಇಂದಿಗೂ ಮರೆತಿಲ್ಲ. ಆಸ್ಕರರಿಗೆ ಅಂಥ ಒಂದು ವಸ್ತುವನ್ನು ಜೋಡಿಸುವುದು ಕಷ್ಟ. ಅವರಿಗೆ ಜೋಡಿಸಬೇಕಾದದ್ದು ಒಂದು ಗ್ರಂಥವನ್ನು: 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯಿದೆ. ಗ್ರಂಥವೆಂದರೆ ಗಾತ್ರದಲ್ಲಿ ದೊಡ್ಡದೇನೂ ಅಲ್ಲ. ಹದಿನೇಳು ಕಲಮುಗಳು, ಎರಡು ಅನುಸೂಚಿಗಳು. ಒಂದು ಸಂಜೆಗೆ ಓದಿ ಮುಗಿಸಬಹುದು.

ಮೊದಲು ಅದರ ಕರಡಿನ ಕಥೆ. ಕೇಂದ್ರ ಸರಕಾರ 2004ರಲ್ಲಿ ಅರ್ಥಶಾಸ್ತ್ರಜ್ಞ ಅರ್ಜುನ್ ಸೇನ್‌ಗುಪ್ತರ ಅಧ್ಯಕ್ಷತೆಯಲ್ಲಿ ಅಸಂಘಟಿತ ರಂಗದ ಉದ್ಯಮಗಳ ಬಗ್ಗೆ ಒಂದು ಆಯೋಗವನ್ನು ನೇಮಿಸಿತು. ದೇಶದ ನೂರಕ್ಕೆ 77 ಮಂದಿ, ಎಂದರೆ 83.6 ಕೋಟಿ ಜನ, 2004–05ರಲ್ಲಿ ದಿನಕ್ಕೆ ಇಪ್ಪತ್ತು ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿರಲಿಲ್ಲ ಎಂದು 2007ರಲ್ಲಿ ಹೇಳಿ ದಿಲ್ಲಿಯನ್ನು ಒಂದು ಕ್ಷಣ ಸ್ತಬ್ಧಗೊಳಿಸಿದ್ದು ಇದೇ ಆಯೋಗ. ಅದಕ್ಕಿಂತ ಒಂದು ವರ್ಷ ಮೊದಲು, 2006ರಲ್ಲಿ, ಸಾಮಾಜಿಕ ಭದ್ರತೆಯ ವರದಿಯೊಡನೆ ಆಯೋಗವು ಒಂದು ಕರಡು ಮಸೂದೆಯನ್ನೂ ಬರೆದುಕೊಟ್ಟಿತ್ತು. ಅದರ ತಿರುಳು ಅಂಗಡಿ ಲೆಕ್ಕದಷ್ಟು ಸರಳ: ಕೆಲಸಗಾರ ದಿನಕ್ಕೆ ಒಂದು ರೂಪಾಯಿ, ಕೆಲಸ ಕೊಡುವವನು ಒಂದು ರೂಪಾಯಿ, ಸರಕಾರ ಒಂದು ರೂಪಾಯಿ; ಇವು ಸೇರಿ ಒಂದು ನಿಧಿ; ಆ ನಿಧಿಯಿಂದ ಐದು ವರ್ಷದೊಳಗೆ ಮೂವತ್ತು ಕೋಟಿ ಜನರಿಗೆ ರೋಗಕ್ಕೆ, ಹೆರಿಗೆಗೆ, ಮುಪ್ಪಿಗೆ, ಸಾವಿಗೆ ಒಂದು ಕನಿಷ್ಠ ಆಸರೆ. ಯಾರು ಕೊಡಬೇಕು, ಎಷ್ಟು ಕೊಡಬೇಕು, ಎಷ್ಟರೊಳಗೆ ಕೊಡಬೇಕು – ಮೂರು ಪ್ರಶ್ನೆಗಳಿಗೂ ಆ ಕರಡಿನಲ್ಲಿ ಉತ್ತರವಿದ್ದಿತು.

ಈ ಕರಡನ್ನು ಮುಂದಿಟ್ಟುಕೊಂಡು ಕಾರ್ಮಿಕ ಮಂತ್ರಿಗಳು ತಮ್ಮ ಮಸೂದೆಯನ್ನು 2007ರ ಸೆಪ್ಟೆಂಬರಿನಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದರು. ಅದು ಸ್ಥಾಯೀ ಸಮಿತಿಗೆ ಹೋಗಿ ಬಂದು, 2008ರ ಅಕ್ಟೋಬರಿನಲ್ಲಿ ರಾಜ್ಯಸಭೆಯಲ್ಲೂ ಡಿಸೆಂಬರಿನಲ್ಲಿ ಲೋಕಸಭೆಯಲ್ಲೂ ಅಂಗೀಕಾರವಾಗಿ, ಡಿಸೆಂಬರ್ 30ರಂದು ಕಾಯಿದೆಯಾಯಿತು. ಆದರೆ ಸ್ವಚ್ಛಪ್ರತಿ ಕೈಗೆ ಬರುವಾಗ ಕರಡಿನ ಮೂರು ಉತ್ತರಗಳೂ ಅದರೊಳಗಿಂದ ಜಾರಿಹೋಗಿದ್ದವು. ಒಂದು ರೂಪಾಯಿಯ ಲೆಕ್ಕವಿಲ್ಲ. ನಿಧಿಯಿಲ್ಲ. ಐದು ವರ್ಷವಿಲ್ಲ.

ಅದರ ಹೃದಯವೆನ್ನಬೇಕಾದ ಮೂರನೆಯ ಕಲಮನ್ನು ನೋಡಿರಿ. ನಮ್ಮ ಕನ್ನಡದ ಕಾನೂನುಭಾಷೆ ಈ ವಿಷಯದಲ್ಲಿ ಬಹಳ ಚೊಕ್ಕಟವಾದದ್ದು. ವಿಧಿಸುವ ಕಡೆಗೆ ‘ತಕ್ಕದ್ದು’ ಎನ್ನುತ್ತದೆ, ಬಿಟ್ಟುಕೊಡುವ ಕಡೆಗೆ ‘ಬಹುದು’ ಎನ್ನುತ್ತದೆ. ಆ ಭಾಷೆಗೆ ಇಳಿಸಿ ಹೇಳುವುದಾದರೆ, ಕೇಂದ್ರ ಸರಕಾರವು ಅಸಂಘಟಿತ ಕಾರ್ಮಿಕರಿಗಾಗಿ ಆಯುಸ್ಸು ಮತ್ತು ಅಂಗವೈಕಲ್ಯದ ರಕ್ಷಣೆ, ಆರೋಗ್ಯ ಮತ್ತು ಹೆರಿಗೆ, ವೃದ್ಧಾಪ್ಯ ಇವುಗಳ ಸಂಬಂಧ ತಕ್ಕ ಯೋಜನೆಗಳನ್ನು ಕಾಲಕಾಲಕ್ಕೆ ರಚಿಸತಕ್ಕದ್ದು. ರಾಜ್ಯ ಸರಕಾರಗಳು ಭವಿಷ್ಯನಿಧಿ, ಕೆಲಸದಲ್ಲಾದ ಗಾಯ, ವಸತಿ, ಮಕ್ಕಳ ವಿದ್ಯಾಭ್ಯಾಸ, ಶವಸಂಸ್ಕಾರದ ನೆರವು ಮೊದಲಾದವಕ್ಕಾಗಿ ಕಾಲಕಾಲಕ್ಕೆ ರಚಿಸಬಹುದು.

ಕೇಂದ್ರಕ್ಕೆ ‘ತಕ್ಕದ್ದು’ ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ. ಅದರ ಹಿಂದೆ ‘ಕಾಲಕಾಲಕ್ಕೆ’ ಎಂಬ ಮಾತು ಕುಳಿತಿದೆ. ಪುಂಜಾಲಕಟ್ಟೆಯ ರೈತ ಈ ಮಾತನ್ನು ಬಳಸುವುದುಂಟು. ಕಾಲಕಾಲಕ್ಕೆ ಮಳೆಯಾದರೆ ಅಡಿಕೆಗೆ ಒಳ್ಳೆಯದು ಎನ್ನುತ್ತಾನೆ. ಅವನ ಬಾಯಲ್ಲಿ ಅದಕ್ಕೆ ಸರಿಯಾದ ಹೊತ್ತಿಗೆ, ತಪ್ಪದೆ ಎಂದು ಅರ್ಥ. ಕಾಯಿದೆಯಲ್ಲಿ ಅದೇ ಮಾತಿಗೆ ಸರಕಾರಕ್ಕೆ ತೋಚಿದಾಗ ಎಂದು ಅರ್ಥ. ಒಂದೇ ಪದ ಹೊಲದಲ್ಲಿ ನಂಬಿಕೆಯಾಗಿಯೂ ಕಚೇರಿಯಲ್ಲಿ ಮುಂದೂಡಿಕೆಯಾಗಿಯೂ ಇರಬಲ್ಲುದು. ಹಾಗಾಗಿ ಆ ‘ತಕ್ಕದ್ದು’ ಹಗ್ಗವಿಲ್ಲದ ಗಂಟೆ. ಹಣದ ವಿಷಯ ಬರುವ ನಾಲ್ಕನೆಯ ಕಲಮಿನಲ್ಲಂತೂ ಎಲ್ಲವೂ ‘ಬಹುದು’: ಪೂರ್ತಿ ಕೇಂದ್ರವೇ ಕೊಡಬಹುದು, ಕೇಂದ್ರ ರಾಜ್ಯಗಳು ಹಂಚಿಕೊಂಡು ಕೊಡಬಹುದು, ಫಲಾನುಭವಿಗಳಿಂದ ಇಲ್ಲವೆ ಮಾಲಕರಿಂದ ವಂತಿಗೆ ಪಡೆದೂ ಕೊಡಬಹುದು.

ಹಾಗಾದರೆ ಗಟ್ಟಿಯಾದ ವಿಧಿ ಯಾರ ಮೇಲಿದೆ? ಹತ್ತನೆಯ ಕಲಮಿಗೆ ಬಂದಾಗ ನಾನು ಪೆನ್ಸಿಲು ಕೆಳಗಿಟ್ಟೆ. ಅರ್ಹನಾದ ಪ್ರತಿಯೊಬ್ಬ ಅಸಂಘಟಿತ ಕಾರ್ಮಿಕನೂ ನೋಂದಣಿಗಾಗಿ ಗೊತ್ತುಪಡಿಸಿದ ನಮೂನೆಯಲ್ಲಿ ಜಿಲ್ಲಾ ಆಡಳಿತಕ್ಕೆ ಅರ್ಜಿ ಸಲ್ಲಿಸತಕ್ಕದ್ದು! ಅವನಿಗೆ ಜಿಲ್ಲಾ ಆಡಳಿತ ಗುರುತಿನ ಚೀಟಿ ಕೊಡತಕ್ಕದ್ದು ಎಂದೂ ಇದೆ, ನಿಜ. ಕೊಡದೆ ಹೋದರೆ ಏನೆಂಬುದು ಇಲ್ಲ. ಹದಿನೇಳು ಕಲಮುಗಳಲ್ಲಿ ಯಾರಿಗೂ ಒಂದು ರೂಪಾಯಿ ದಂಡವಿಲ್ಲ. ಮೊದಲ ಅನುಸೂಚಿಯಲ್ಲಿ ಹತ್ತು ಯೋಜನೆಗಳ ಪಟ್ಟಿಯಿದೆ: ವೃದ್ಧಾಪ್ಯ ಪಿಂಚಣಿ, ಕುಟುಂಬ ನೆರವು, ಜನನಿ ಸುರಕ್ಷಾ, ಕೈಮಗ್ಗದವರಿಗೆ, ಮೀನುಗಾರರಿಗೆ, ಹೀಗೆ. ಒಳ್ಳೆಯ ಯೋಜನೆಗಳೇ. ಆದರೆ ಎಲ್ಲವೂ ಕಾಯಿದೆಗಿಂತ ಮೊದಲೇ ಇದ್ದವು. ಹಳೆಯ ಪದ್ಯಗಳನ್ನು ಸೇರಿಸಿ ಹೊಸ ಹೆಸರಿಟ್ಟು ತಂದ ಸಂಕಲನಕ್ಕೆ ನಾವು ವಿಮರ್ಶಕರು ಏನೆನ್ನುತ್ತೇವೋ ಅದನ್ನೇ ಇಲ್ಲಿಯೂ ಎನ್ನಬೇಕು. ರಾಷ್ಟ್ರೀಯ ಮಂಡಳಿಯೊಂದುಂಟು, ಕಾರ್ಮಿಕರು ಏಳು ಮಂದಿ, ಮಾಲಕರು ಏಳು, ಗಣ್ಯರು ಏಳು, ಪಾರ್ಲಿಮೆಂಟಿನವರು ಮೂವರು, ಸರಕಾರಗಳ ಕಡೆಯಿಂದ ಹತ್ತು. ಅವರ ಕೆಲಸ ಶಿಫಾರಸು ಮಾಡುವುದು, ಸಲಹೆ ಕೊಡುವುದು, ಗಮನಿಸುತ್ತಿರುವುದು. ಎಲ್ಲರನ್ನೂ ಕೂರಿಸಿ ಎಲ್ಲರ ಮಾತನ್ನೂ ಕೇಳುವ ಮಂಡಳಿ. ಕರ್ತೃವಿನ ಸ್ವಭಾವ ಕೃತಿಯಲ್ಲಿ ಕಾಣುತ್ತದೆ ಎನ್ನುವುದು ಸುಳ್ಳಲ್ಲ.

ಇದಕ್ಕೆ ಒಂದು ಆಕ್ಷೇಪ ಬರುವುದುಂಟು. ಕಾಯಿದೆಯನ್ನು ಮಂತ್ರಿಯೊಬ್ಬರೇ ಬರೆಯುತ್ತಾರೆಯೇ? ಹಣಕಾಸಿನ ಖಾತೆ ‘ಇಲ್ಲ’ ಎಂದರೆ ಕಾರ್ಮಿಕ ಖಾತೆಯ ರಾಜ್ಯಮಂತ್ರಿ ಏನು ಮಾಡಿಯಾನು? ಹಲವು ಪಕ್ಷಗಳು ಸೇರಿ ನಡೆಸಿದ ಸರಕಾರ ಅದು. 2008ರ ಜುಲೈಯಲ್ಲಿ ಎಡಪಕ್ಷಗಳು ಬೆಂಬಲ ಹಿಂತೆಗೆದ ಮೇಲೆ ಕಾರ್ಮಿಕರ ಪರವಾಗಿ ಹೊರಗಿನಿಂದ ಒತ್ತುವವರೂ ಕಡಮೆಯಾದರು. ಈ ಮಾತಿನಲ್ಲಿ ಸತ್ಯವಿದೆ. ತಾಳಮದ್ದಳೆಯ ಅರ್ಥಧಾರಿಗೆ ಪ್ರಸಂಗ ಬೇರೆಯವರು ಬರೆದದ್ದು. ಪದ್ಯ ಹೇಳಿದ್ದನ್ನು ಮೀರುವಂತಿಲ್ಲ. ಆದರೆ ಪ್ರಸಂಗದ ಪದ್ಯ ಎಷ್ಟೇ ಸಪ್ಪೆಯಾಗಿರಲಿ, ಬಲ್ಲ ಅರ್ಥಧಾರಿ ಎದುರಿನವನನ್ನು ಒಂದು ಮಾತಿಗೆ ಕಟ್ಟಿಹಾಕುವುದನ್ನು ನಾವು ನೂರು ಸಲ ಕಂಡಿದ್ದೇವೆ. ‘ಕಾಲಕಾಲಕ್ಕೆ’ ಎನ್ನುವ ಕಡೆ ‘ಎರಡು ವರ್ಷದೊಳಗೆ’ ಎಂದು ಬರೆಯಿಸಿಕೊಂಡಿದ್ದರೆ ಖಜಾನೆಗೆ ಆ ದಿನ ಒಂದು ಪೈಸೆಯೂ ಖರ್ಚಾಗುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಪಾರ್ಲಿಮೆಂಟಿನಲ್ಲಿ ಕುಳಿತವರಿಗೆ ಆ ಎರಡು ಪದಗಳ ಬೆಲೆ ತಿಳಿಯದೆ ಇರಲಿಲ್ಲ.

ಅವರಿಂದ ಆಗದ್ದಲ್ಲ ಎಂಬುದಕ್ಕೆ ಅವರದೇ ಸಾಕ್ಷ್ಯವಿದೆ. ಅದೇ ಖಾತೆಯಲ್ಲಿದ್ದಾಗ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ನೋಡಿರಿ. ಐದು ಜನರ ಕುಟುಂಬಕ್ಕೆ ವರ್ಷಕ್ಕೆ ಮೂವತ್ತು ಸಾವಿರ ರೂಪಾಯಿಯವರೆಗೆ ಆಸ್ಪತ್ರೆಯ ಖರ್ಚು. ಕೊಡಬೇಕಾದದ್ದು ಮೂವತ್ತು ರೂಪಾಯಿ ನೋಂದಣಿ ಶುಲ್ಕ. ವಿಮೆಯ ಕಂತು ಸಾಮಾನ್ಯವಾಗಿ ಕೇಂದ್ರದ್ದು ಮುಕ್ಕಾಲು, ರಾಜ್ಯದ್ದು ಕಾಲು. 2008ರ ಏಪ್ರಿಲ್ 1ರಿಂದ ಜಾರಿ. ಯಾರು, ಎಷ್ಟು, ಎಂದಿನಿಂದ – ಮೂರಕ್ಕೂ ಉತ್ತರ. ಕಾರ್ಡು ಹಿಡಿದು ಆಸ್ಪತ್ರೆಗೆ ಹೋದರೆ ಕೈಯಿಂದ ಹಣ ಬಿಚ್ಚದೆ ಚಿಕಿತ್ಸೆ. ಆ ಯೋಜನೆಯಲ್ಲಿ ದೋಷಗಳಿದ್ದವು, ಹೊರರೋಗಿಯ ಖರ್ಚು ಅದರಲ್ಲಿ ಬರುತ್ತಿರಲಿಲ್ಲ. 2018ರಲ್ಲಿ ಅದು ಆಯುಷ್ಮಾನ್ ಭಾರತದೊಳಗೆ ಲೀನವಾಯಿತು. ಆದರೂ ಅದು ವಾಕ್ಯವಾಗಿ ಪೂರ್ಣವಾದದ್ದು. ನನ್ನ ಅಭಿಪ್ರಾಯದಲ್ಲಿ ಆಸ್ಕರರ ಕಾರ್ಮಿಕ ಖಾತೆಯ ಅವಧಿಯ ಉತ್ತಮ ಕೃತಿ ಇದೇ. ದುರದೃಷ್ಟವೆಂದರೆ ಇದು ಯೋಜನೆ, ಕಾಯಿದೆಯಲ್ಲ. ಒಂದು ಸರಕಾರ ಕೊಟ್ಟದ್ದನ್ನು ಇನ್ನೊಂದು ಸರಕಾರ ಮಡಚಿಡಬಲ್ಲುದು. ಬೋನಸ್ ಕಾಯಿದೆಯ 2007ರ ತಿದ್ದುಪಡಿಯೂ ಹೀಗೆಯೇ ಸ್ಪಷ್ಟವಾದದ್ದು: ಬೋನಸಿಗೆ ಅರ್ಹತೆಯ ಸಂಬಳದ ಮಿತಿ ತಿಂಗಳಿಗೆ 3,500ರಿಂದ 10,000 ರೂಪಾಯಿಗೆ ಏರಿತು. ಅಂಕಿಯಿದ್ದ ಕಡೆ ಜನಕ್ಕೆ ಲಾಭವಾಯಿತು. ಆದರೆ ಇದು ಕಾರ್ಖಾನೆ ಕಚೇರಿಗಳ ನೌಕರರ ಮಾತು; ನಮ್ಮ ಸೊಸೆಯ ಜಗಲಿಯವರೆಗೆ ಬರುವುದಲ್ಲ.

ಇಲ್ಲಿಯೇ ಒಂದು ಕಹಿ ಪ್ರಸಂಗವನ್ನೂ ಹೇಳಬೇಕಾಗಿದೆ. 2008ರ ಸೆಪ್ಟೆಂಬರ್ 22ರಂದು ದಿಲ್ಲಿಯ ಸಮೀಪದ ಗ್ರೇಟರ್ ನೋಯ್ಡಾದ ಒಂದು ಕಾರ್ಖಾನೆಯಲ್ಲಿ, ಕೆಲಸದಿಂದ ತೆಗೆಯಲ್ಪಟ್ಟವರ ಗಲಭೆಯಲ್ಲಿ ಕಂಪೆನಿಯ ಮುಖ್ಯಾಧಿಕಾರಿ ಕೊಲೆಯಾದರು. ಮರುದಿನ ಕಾರ್ಮಿಕ ಮಂತ್ರಿಗಳು, ಇದು ಆಡಳಿತವರ್ಗಗಳಿಗೆ ಎಚ್ಚರಿಕೆಯಾಗಬೇಕು ಎಂಬರ್ಥದ ಮಾತನ್ನಾಡಿದರು. ದೇಶವೆಲ್ಲ ಸಿಡಿಮಿಡಿಗೊಂಡಿತು, ಅವರು ಕ್ಷಮೆ ಕೇಳಿದರು. ಕೇಳಬೇಕಾದದ್ದೇ, ಹೆಣದ ಮುಂದೆ ಆಡುವ ಮಾತಲ್ಲ ಅದು. ಆದರೂ ಆ ತಪ್ಪು ಮಾತನ್ನು ನಾನು ಹಲವು ಸಲ ನೆನೆದಿದ್ದೇನೆ. ಎಂದೂ ದನಿಯೆತ್ತದ ಮನುಷ್ಯ, ಗುತ್ತಿಗೆ ಕೆಲಸದವರ ಗೋಳನ್ನು ರಾತ್ರಿಯೆಲ್ಲ ಕೇಳಿ ಕೇಳಿ ಒಳಗೆ ತುಂಬಿಕೊಂಡಿದ್ದನೇನೋ. ಅದು ಹೊರಬೀಳಬೇಕಾದ ಜಾಗ ಬಿಟ್ಟು ಬೇರೆ ಜಾಗದಲ್ಲಿ ಬಿದ್ದಿತು. ಬರಿಯ ಒಂದು ತಿಂಗಳ ಮೇಲೆ ಅವರದೇ ಮಸೂದೆ ರಾಜ್ಯಸಭೆಯ ಮುಂದೆ ಬಂದಿತು. ಅದರಲ್ಲಿ ಯಾರಿಗೂ ಯಾವ ಎಚ್ಚರಿಕೆಯೂ ಇರಲಿಲ್ಲ.

ಈಗ ಅತ್ತೆಯ ಕಾಯಿದೆ. ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ 1966ರದ್ದು. ಮಾಲಕನಿಂದಲೋ ಕಂತ್ರಾಟುದಾರನಿಂದಲೋ ಎಲೆ ಹೊಗೆಸೊಪ್ಪು ಪಡೆದು ಮನೆಯಲ್ಲಿ ಕುಳಿತು ಕಟ್ಟಿಕೊಡುವವಳನ್ನೂ ಅದು ನೌಕರಳೆಂದೇ ಕರೆಯಿತು. ಬೀಡಿಯನ್ನು ‘ಕಳಪೆ’ ಎಂದು ಎತ್ತಿ ಎಸೆದು ಕೂಲಿ ಮುರಿದುಕೊಳ್ಳುವ ತಂತ್ರವನ್ನು, ತೀರ್ಮಾನಿಸಬೇಕಾದ ವ್ಯಾಜ್ಯವೆಂದು ಒಂದು ಕಲಮಿನಲ್ಲೇ ಹೆಸರಿಸಿತು. ಪಾಲಿಸದಿದ್ದರೆ ದಂಡವಿಟ್ಟಿತು. ಬೀಡಿ ಉದ್ಯಮದವರು ಇದನ್ನು ಸುಪ್ರೀಂ ಕೋರ್ಟಿನವರೆಗೂ ಪ್ರಶ್ನಿಸಿದರು; ಆ ಮೊಕದ್ದಮೆಯ ಹೆಸರಿನಲ್ಲೇ ನಮ್ಮ ಮಂಗಳೂರಿದೆ. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿಯ ಮೇಲೆ ಸೆಸ್ ಹಾಕುವ ಒಂದು ಕಾಯಿದೆ, ಆ ಹಣದಿಂದ ಕೆಲಸಗಾರರಿಗೆ ಔಷಧಾಲಯ, ಮನೆ, ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಇನ್ನೊಂದು ಕಾಯಿದೆ ಬಂದವು. 1985ರಲ್ಲಿ ಸುಪ್ರೀಂ ಕೋರ್ಟು, ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲುತ್ತದೆ ಎಂದಿತು. ಅದಕ್ಕೆ ಕೊಟ್ಟ ಕಾರಣ ಸ್ವಾರಸ್ಯವಾದದ್ದು: ಬೀಡಿಯನ್ನು ತಿರಸ್ಕರಿಸುವ ಹಕ್ಕು ಮಾಲಕನಿಗಿದೆಯಾದರೆ ಅವಳ ಕೆಲಸದ ಮೇಲೆ ಅವನ ಹತೋಟಿ ಇದ್ದಂತೆಯೇ, ಹತೋಟಿ ಇದ್ದರೆ ಅವಳು ಅವನ ನೌಕರಳೇ. ಯಾವ ಕೈ ಬೀಡಿಯನ್ನು ಎಸೆಯುತ್ತಿತ್ತೋ ಅದೇ ಕೈ ಪಿ.ಎಫ್. ಕಟ್ಟಬೇಕಾಯಿತು.

ಈ ಕಾಯಿದೆಗಳಿಂದ ಬೀಡಿ ಕಟ್ಟುವವರ ಬಾಳು ಹಸನಾಯಿತೆಂದು ನಾನು ಹೇಳುವುದಿಲ್ಲ. ಪುಸ್ತಕ ಒಬ್ಬರ ಹೆಸರಿನಲ್ಲಿ, ಕಟ್ಟುವವರು ಇನ್ನೊಬ್ಬರು ಎಂಬ ವ್ಯವಸ್ಥೆ ಬೆಳೆದದ್ದೇ ಕಾಯಿದೆಯ ಕಣ್ಣು ತಪ್ಪಿಸಲು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸೂ ಹೋಯಿತು. ಎಲೆ ಸುತ್ತುವ ಬೆರಳಿಗೆ, ಹೊಗೆಸೊಪ್ಪಿನ ಧೂಳು ಕುಡಿಯುವ ಎದೆಗೆ ಯಾವ ಕಾಯಿದೆಯೂ ಪೂರ್ತಿ ಬೆಲೆ ಕಟ್ಟಿಲ್ಲ. ಅಷ್ಟಾದರೂ ಅವುಗಳಲ್ಲಿ ಕರ್ತೃಪದ ಯಾರೆಂದು ಗೊತ್ತಿದ್ದಿತು. ಮಾಲಕ ಎಂಬ ಒಬ್ಬ ಮನುಷ್ಯನನ್ನು ಹಿಡಿದು ‘ನೀನು ಕೊಡತಕ್ಕದ್ದು’ ಎಂದು ಅವು ಹೇಳಿದವು. ಸೊಸೆಗೆ ಮಾಲಕನಿಲ್ಲ; ಅಥವಾ ಹತ್ತು ಮಂದಿ ಮಾಲಕರಿದ್ದಾರೆ, ಒಬ್ಬನೂ ತನ್ನವನಲ್ಲ. ಅವಳಂಥವರ ಪರವಾಗಿ ಆ ಕರ್ತೃಪದದ ಜಾಗದಲ್ಲಿ ಸರಕಾರವೇ ನಿಲ್ಲಬೇಕಾಗಿದ್ದಿತು. ಸೇನ್‌ಗುಪ್ತರ ಕರಡಿನಲ್ಲಿ ಸರಕಾರ ನಿಂತಿತ್ತು. 2008ರ ಕಾಯಿದೆಯಲ್ಲಿ ಅದು ಬಾಗಿಲ ಬದಿಗೆ ಸರಿದು ನಿಂತಿದೆ. ಕಷ್ಟದ ವಸ್ತುವನ್ನೇ ಆಸ್ಕರರು ಎತ್ತಿಕೊಂಡರು ಎಂಬುದನ್ನು ಮರೆಯಬಾರದು. ಅಸಂಘಟಿತರು ಎಂಬ ಹೆಸರನ್ನು ಹೊತ್ತ ಒಂದು ಕಾಯಿದೆ ದೇಶದ ಕಾನೂನು ಪುಸ್ತಕಕ್ಕೆ ಮೊದಲ ಸಲ ಬಂದದ್ದು ಅವರ ಕೈಯಿಂದ. ಮನೆಯಲ್ಲಿ ಕುಳಿತು ದುಡಿಯುವವರು, ಸ್ವಂತ ದುಡಿಮೆಯವರು, ಕೂಲಿಯವರು ಮೂವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ ವ್ಯಾಖ್ಯೆ ವಿಶಾಲವಾದದ್ದು. ಆ ಎರಡನೆಯ ಕಲಮಿಗೆ ನಾನು ತಲೆಬಾಗುತ್ತೇನೆ. ಎರಡರಿಂದ ಮೂರಕ್ಕೆ ಹೋಗುವಾಗ ಕೃತಿ ಎಡವಿತು.

ಮುಂದಿನ ಕಥೆ ದೀರ್ಘವಾದ ಮೌನದ್ದು. 2010ರ ಬಜೆಟ್ಟಿನಲ್ಲಿ ಸಾವಿರ ಕೋಟಿ ರೂಪಾಯಿಯ ಒಂದು ಸಾಮಾಜಿಕ ಭದ್ರತಾ ನಿಧಿಯನ್ನು ಸಾರಿದರು. ಕರಡಿನಲ್ಲಿದ್ದ ನಿಧಿ ಕಾಯಿದೆಯ ಹೊರಗೆ, ತಡವಾಗಿ, ಹೆಸರಿಗೆ ಬಂದಿತು. ಹತ್ತನೆಯ ಕಲಮಿನ ನೋಂದಣಿ ನಡೆಯಬೇಕಾದ ಪ್ರಮಾಣದಲ್ಲಿ ನಡೆಯಲಿಲ್ಲ. 2020ರ ಮಹಾಮಾರಿಯ ಕಾಲದಲ್ಲಿ ಲಕ್ಷಗಟ್ಟಲೆ ಜನ ಹೆದ್ದಾರಿಗಳಲ್ಲಿ ಊರಿಗೆ ನಡೆದು ಹೊರಟಾಗ, ಅವರು ಯಾರು, ಎಷ್ಟು ಮಂದಿ ಎಂದು ಹೇಳಬಲ್ಲ ಒಂದು ಪುಸ್ತಕ ಸರಕಾರದ ಬಳಿ ಇರಲಿಲ್ಲ. ಹನ್ನೆರಡು ವರ್ಷ ಹಿಂದೆಯೇ ಆ ಪುಸ್ತಕವನ್ನು ತೆರೆಯಲು ಕಾಯಿದೆ ಹೇಳಿತ್ತು. 2021ರ ಜೂನ್ 29ರಂದು ಸುಪ್ರೀಂ ಕೋರ್ಟು ಕಾರ್ಮಿಕ ಖಾತೆಯ ಉದಾಸೀನವನ್ನು ಕಟುವಾಗಿ ಖಂಡಿಸಿ ಗಡುವು ಕೊಟ್ಟಿತು. ಕಾಯಿದೆಯಲ್ಲಿ ಇಲ್ಲದ ಗಡುವನ್ನು ಕೋರ್ಟು ಹಾಕಿದ ಮೇಲೆ ಇ-ಶ್ರಮ್ ಆರಂಭವಾಯಿತು: ಆಗಸ್ಟ್ 26. ಆ ದಿನ ಆಸ್ಕರರು ಜುಲೈಯಲ್ಲಿ ಮನೆಯಲ್ಲಿ ಬಿದ್ದು ತಲೆಗೆ ಆದ ಪೆಟ್ಟಿನಿಂದ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಹದಿನೆಂಟು ದಿನಗಳಾದ ಮೇಲೆ ತೀರಿಕೊಂಡರು. ಪುಂಜಾಲಕಟ್ಟೆಯ ಸೊಸೆಯ ಕೈಗೆ ಬಂದ ಕಾರ್ಡು ಅದು.

ಅವರ ಕಾಯಿದೆಯೂ ಈಗ ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ಅದನ್ನೂ ಇತರ ಎಂಟು ಕಾಯಿದೆಗಳನ್ನೂ ನುಂಗಿಕೊಂಡು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅತ್ತೆಯ 1966ರ ಕಾಯಿದೆಯೂ ಅದೇ ದಿನ ಇನ್ನೊಂದು ಸಂಹಿತೆಯೊಳಗೆ ಸೇರಿಹೋಯಿತು. ಬೇರೆ ಪಕ್ಷದ ಸರಕಾರ, ಬೇರೆ ಮಂತ್ರಿಗಳು. ಆಪ್ ಮೂಲಕ ಕೆಲಸ ಮಾಡುವವರನ್ನೂ ಸೇರಿಸಿಕೊಂಡ ಹೊಸ ಅಧ್ಯಾಯ. ನಾನು ಕುತೂಹಲದಿಂದ ಅಸಂಘಟಿತ ಕಾರ್ಮಿಕರ ಭಾಗವನ್ನು ಹುಡುಕಿದೆ. ನೂರ ಒಂಬತ್ತನೆಯ ಕಲಮು. ಕೇಂದ್ರ ಸರಕಾರವು ಆಯುಸ್ಸು ಮತ್ತು ಅಂಗವೈಕಲ್ಯದ ರಕ್ಷಣೆ, ಆರೋಗ್ಯ ಮತ್ತು ಹೆರಿಗೆ, ವೃದ್ಧಾಪ್ಯ ಇವುಗಳ ಸಂಬಂಧ ತಕ್ಕ ಯೋಜನೆಗಳನ್ನು ರಚಿಸತಕ್ಕದ್ದು ಎಂದಿದೆ. ಯಾವಾಗ ಎಂದು ನೋಡಿದೆ. ಕಾಲಕಾಲಕ್ಕೆ.